ಪದರ ಬಿಟ್ಟ ಕಲ್ಲು

ನಸುಕಿನ ಮೂರೂವರೆಗೆ ಶಹಾಬಾದದಿಂದ
ಕಲ್ಲು ಹೊರುವ ಟಂಟಂನಲ್ಲೇ ಬಂದ ಸಾಯಿಬಣ್ಣ.
ಭುಜದ ಹಲಗೆಗಳೆರಡರ ನಡುವೆ
ಯಾರೋ ಚಾಣ ಇಟ್ಟು ಹೊಡದಂಗಾತ್ರಿ, ಅಂದ.
ಊರಲ್ಲಿ ವಾಯು ಎಂದು ಸೋಡಾ ಕುಡಿಸಿದ್ದರು,
ಹೆಂಡತಿ ಮಲ್ಲಮ್ಮ ಬಿಸಿ ಉಪ್ಪಿನ ಗಂಟು ಒತ್ತಿದ್ದಳು.
ಇ.ಸಿ.ಜಿ. ತನ್ನ ಪಾಡಿಗೆ ತಾನು ಗೆರೆ ಎಳೆಯಿತು, ಏನೂ ಹೇಳದೆ.
ರಾತ್ರಿಪಾಳಿಯ ಎಳೆಯ ಡಾಕ್ಟರು ಗ್ಯಾಸಿನ ಇಂಜೆಕ್ಷನ್ ಬರೆಯುತ್ತಿದ್ದರು.

ಬಲಗೈಗೆ ಪಟ್ಟಿ ಸುತ್ತಿದೆ: ಇನ್ನೂರ ಹತ್ತು.
ಯಾಕೋ, ಎಡಗೈಗೂ ಸುತ್ತಿದೆ: ನೂರ ಅರವತ್ತು.
ಒಂದೇ ಮೈ, ಎರಡು ಮಾತು.
ಎಡಗಾಲು ಮುಟ್ಟಿದರೆ, ಮೇ ತಿಂಗಳ ಕಲಬುರಗಿಯಲ್ಲಿ,
ಮಡಕೆಯ ಹೊಟ್ಟೆಯಷ್ಟು ತಣ್ಣಗೆ.
ಡಾಕ್ಟರು ಪೆನ್ನು ಮುಚ್ಚಿದರು.

ಸ್ಕ್ಯಾನಿನ ತೆರೆಯ ಮೇಲೆ
ಒಂದು ಹೊಳೆ ಇರಬೇಕಾದಲ್ಲಿ ಎರಡು,
ನಡುವೆ ಉಳ್ಳಾಗಡ್ಡಿ ಸಿಪ್ಪೆಯಂಥ ತೆಳ್ಳನೆ ಗೋಡೆ.

ದೊಡ್ಡ ಡಾಕ್ಟರು ಮಹಾಧಮನಿ ಎಂದರು.
ಸಾಯಿಬಣ್ಣ ನನ್ನ ಮುಖ ನೋಡಿದ.
ಎದೆಯಿಂದ ಏರಿ, ಊರುಗೋಲಿನ ಹಿಡಿಯಂತೆ ಬಾಗಿ,
ಬೆನ್ನೆಲುಬಿಗಾತು ಹೊಟ್ಟೆಗಿಳಿಯುವ ದೊಡ್ಡ ನರ, ಎಂದೆ.
ಅದರ ಗೋಡೆಗೆ ಮೂರು ಪದರು.
ಒಳಪದರು ಹರಿದಿದೆ, ಹರಿದಲ್ಲಿಂದ ರಕ್ತ ನುಗ್ಗಿ
ಪದರಿಗೂ ಪದರಿಗೂ ನಡುವೆ ದಾರಿ ಮಾಡಿಕೊಂಡು
ಕಾಲಿಗೆ ಹೋಗುವ ಕವಲಿನ ಬಾಯಿ ಒತ್ತಿ...

“ಸಾಕ್ರಿ ಸಿಸ್ಟರ್. ಕಲ್ಲು ಪದರ ಬಿಟ್ಟದ, ಅಷ್ಟೇ ಅಲ್ಲೇನ್ರಿ?
ಮೂವತ್ತು ವರ್ಷ ಅದನ್ನೇ ಮಾಡೀನಿ.
ಎಳಿ ನೋಡಿ ಚಾಣ ಇಡತೀವಿ, ಒಂದು ಸಂದು ಸಿಕ್ರ ಸಾಕು,
ಉಳಿದದ್ದು ಕಲ್ಲು ತಾನೇ ಬಿಚ್ಕೋತ ಹೋಗ್ತದ.
ಹಂಗ ಹೊಂಟಾಗ ಜೋರ್ ಹೊಡೀಬಾರ್ದು.
ಹೊಡದ್ರ ಇಡೀ ಫರಸಿ ಹಾಳು.”

ಡಾಕ್ಟರು ನಕ್ಕರೋ ಏನೋ, ಮಾಸ್ಕಿನೊಳಗೆ ತಿಳಿಯಲಿಲ್ಲ.
ಚಿಕಿತ್ಸೆ ಮಾತ್ರ ಅದೇ:
ನಳಿಕೆಯಲ್ಲಿ ಔಷಧ ಹನಿಹನಿ ಬಿಟ್ಟು
ಎದೆಯೊಳಗಿನ ಸುತ್ತಿಗೆಗೆ ಮೆಲ್ಲಗೆ, ಮೆಲ್ಲಗೆ ಅನ್ನುವುದು.
ನೂರಿಪ್ಪತ್ತರ ಕೆಳಗೆ. ನಿಮಿಷಕ್ಕೆ ಅರವತ್ತು ಏಟು, ಹೆಚ್ಚಿಲ್ಲ.
ನೋವಿಗೆ ಬೇರೆ ಹನಿ;
ನೋವೂ ಸುತ್ತಿಗೆ ಎತ್ತಿಕೊಡುತ್ತದೆ.

ಕಾಲು ಕಾಯುವಂತಿರಲಿಲ್ಲ.
ಬೆಳಗಾಗುವ ಹೊತ್ತಿಗೆ ತೊಡೆಸಂದಿನಿಂದ ತಂತಿ ಏರಿತು,
ತಂತಿಯ ಬೆನ್ನಿಗೆ ಮಡಿಸಿದ ಕೊಳವೆ: ಜಾಲರಿ, ಜಾಲರಿಗೆ ಬಟ್ಟೆ.
ಹರಿದಲ್ಲಿ ಬಿಚ್ಚಿಕೊಂಡು, ಹರಿದದ್ದನ್ನು ಮುಚ್ಚಿ ಕೂತಿತು.

ಎದಿ ಕೊಯ್ಯಲಿಲ್ಲೇನ್ರಿ, ಅಂದಳು ಮಲ್ಲಮ್ಮ.
ಹೃದಯದ ಬುಡದಲ್ಲೇ ಬಿಟ್ಟಿದ್ದರೆ ಕೊಯ್ಯಬೇಕಿತ್ತು,
ಒಂದೊಂದು ತಾಸಿಗೂ ಜೀವ ಜಾರುತ್ತಿತ್ತು.
ನಾನು ಅದನ್ನು ಹೇಳಲಿಲ್ಲ. ಕಾಲು ಮುಟ್ಟಿ ನೋಡು, ಎಂದೆ.
ಮುಟ್ಟಿದಳು. ಮುಟ್ಟಿಕೊಂಡೇ ಕೂತಳು.

ಬಿ.ಪಿ. ಗುಳಿಗೆ ಬಿಟ್ಟು ಎರಡು ವರ್ಷವಂತೆ.
“ಏನೂ ಆಗ್ತಿರಲಿಲ್ರಿ, ಅದಕ್ಕ ಬಿಟ್ಟೆ.”
ಏನೂ ಆಗದಂತೆ ನೋಡುವುದೇ ಅದರ ಕೆಲಸ, ಎಂದು ಬೈದೆ.
ಅಣ್ಣ ಜಟ್ಟೆಪ್ಪ ಖಣಿಯಲ್ಲಿ ಕುಂತಲ್ಲೇ ಹೋಗಿದ್ದ,
ಬೆನ್ನು ಬೆನ್ನು ಅನ್ನುತ್ತ.
ಮಗನನ್ನೂ ಕರೆದು ತಾ, ಎಂದರು ಡಾಕ್ಟರು, ಅವನ ನರವನ್ನೂ ನೋಡಬೇಕು.
ಒಂದೇ ಖಣಿಯ ಕಲ್ಲು. ಸಾಯಿಬಣ್ಣ ತಲೆಯಾಡಿಸಿದ.
ಬೀಡಿ ಇಲ್ಲ, ಹೊರೆ ಇಲ್ಲ, ಗುಳಿಗೆ ಸಾಯುವತನಕ,
ಕರೆದಾಗೆಲ್ಲ ಬಂದು ಸ್ಕ್ಯಾನು. ಎಲ್ಲಕ್ಕೂ ಹೂಂ.
“ಶೇಂಗಾ ಹಿಂಡಿಗಿ ಉಪ್ಪು?”
ಕಮ್ಮಿ ಮಾಡಬೇಕು, ಬಹಳ ಕಮ್ಮಿ.
ಅದಕ್ಕೊಂದಕ್ಕೆ ಅವನ ಕಣ್ಣಲ್ಲಿ ನೀರು.

ಡಿಸ್ಚಾರ್ಜಿನ ದಿನ ವಾರ್ಡಿನ ಬಾಗಿಲಲ್ಲಿ ನಿಂತು
ಹಿಮ್ಮಡಿಯಿಂದ ನೆಲ ತಟ್ಟಿದ. ಶಹಾಬಾದ ಕಲ್ಲೇ, ಹಳೆಯದು.
ಠಣ್, ಠಣ್, ಠಣ್.
ಆಮೇಲೊಂದು, ಡೊಬ್.
“ಇದು ಒಳಗ ಬಿಟ್ಟದ ಸಿಸ್ಟರ್. ಮ್ಯಾಲ ತಿಳಿಯಂಗಿಲ್ಲ.”

ಎರಡು ಸಲ ಅರ್ಜಿ ಬರೆದೆ, ಯಾರೂ ಬಂದಿಲ್ಲ.
ರಾತ್ರಿ ಟ್ರಾಲಿ ತಳ್ಳುವಾಗ ಆ ಕಲ್ಲು ಬಂತೆಂದರೆ
ಕೈ ತಾನೇ ಸಡಿಲಾಗುತ್ತದೆ.
ಹೊಸ ಹುಡುಗಿಯರಿಗೂ ಹೇಳುತ್ತೇನೆ,
ಇಲ್ಲಿ ಮೆಲ್ಲಗೆ.