ಐವತ್ತು ಪೆಸೆವಾ ದಂಡ

ಐದೂವರೆಗೆ ಗಿನಿ ಕೋಳಿಗಳು ಶುರು ಹಚ್ಚುತ್ತವೆ,
ತುಕ್ಕು ಹಿಡಿದ ರಾಟೆಯನ್ನು ಯಾರೋ ಎಳೆದ ಹಾಗೆ.
ಹಾಸಿಗೆಯ ಮೇಲೆ, ಹಲ್ಲಿನ ಮೇಲೆ,
ಮುಚ್ಚಿಟ್ಟ ಲೆಡ್ಜರಿನ ಒಳಪುಟದಲ್ಲೂ
ಹರ್ಮಟ್ಟಾನಿನ ಧೂಳು.
ಸಹಾರಾ ರಾತ್ರಿಯೆಲ್ಲ ಕೂತು
ಪುಟಪುಟಕ್ಕೂ ರುಜು ಹಾಕಿ ಹೋಗಿದೆ.

ಅರ್ಧ ಬಕೆಟ್ ನೀರು. ಅದರಲ್ಲಿ ಮೊದಲು ನಾನು, ಆಮೇಲೆ ನನ್ನ ಅಂಗಿ,
ಕೊನೆಗೆ ಮನೆಯೊಡತಿಯ ಟೊಮೇಟೊ ಗಿಡ.
ಹೊರಗೆ ಅಝೂರೆ ಬೈಕಿನ ಹಾರನ್ ಒತ್ತುವುದಿಲ್ಲ,
ಕೆಮ್ಮುತ್ತಾನೆ.
ನಾನು ಓಡುತ್ತೇನೆ.

ಇಪ್ಪತ್ತನಾಲ್ಕು ವರ್ಷ ಸಹಕಾರಿ ಬ್ಯಾಂಕಿನಲ್ಲಿ
ಗಾಜಿನ ಅರ್ಧಚಂದ್ರದ ತೂತಿನೊಳಗಿಂದ
ಬರೀ ಕೈಗಳನ್ನು ನೋಡಿದವಳು ನಾನು.
ಮುಖ ಕಾಣಬೇಕಾದರೆ ಬಗ್ಗಬೇಕಿತ್ತು.
ಸರತಿ ಉದ್ದ ಇರುತ್ತಿತ್ತು; ಬಗ್ಗಲಿಲ್ಲ.

ಬೋಲ್ಗಟಂಗದಿಂದ ಒಂಬತ್ತು ಮೈಲಿ ಆಚೆ, ಬೇವಿನ ಮರದಡಿ ಸಭೆ.
ಬೇವೇ. ಯಾರೋ ಎಂದೋ ನಮ್ಮ ಕಡೆಯಿಂದ ಬೀಜ ತಂದದ್ದಂತೆ.
ಇಲ್ಲಿ ಅದಕ್ಕೆ ಬೆಲ್ಲದ ಜೊತೆ ಇಲ್ಲ,
ಕಡ್ಡಿ ಮುರಿದು ಹಲ್ಲುಜ್ಜುತ್ತಾರೆ, ಮುಗಿಯಿತು.

ಏಳಕ್ಕೆ ಸಭೆ. ತಲುಪಿದ್ದು ಏಳು ಹನ್ನೊಂದಕ್ಕೆ.
ಟಯರು ಪಂಕ್ಚರು, ಅಂದೆ.
ಅಯಿನ್‌ಪೋಕಾ ಅಂಗೈ ಚಾಚಿದಳು.
ಟಯರಿಗೂ ದಂಡ ಐವತ್ತು ಪೆಸೆವಾ.

ಪೆಟ್ಟಿಗೆಗೆ ಮೂರು ಬೀಗ.
ಒಂದು ಕೀಲಿ ತಲಾತಾಳ ಸೊಂಟದ ಗಂಟಿನಲ್ಲಿ,
ಒಂದು ಅಸೀಬಿಯ ಕೊರಳಲ್ಲಿ, ಶಿಲುಬೆಯ ಪಕ್ಕ,
ಮೂರನೆಯದು ಸಜ್ಜೆಯ ಮಡಕೆಯೊಳಗೆ ಎನ್ನುತ್ತಾಳೆ ಮುದುಕಿ ಅತಿಪೋಕಾ.
ಅದು ಅವಳ ತಲೆವಸ್ತ್ರದಲ್ಲಿದೆ ಅಂತ
ಊರಿನ ಮೇಕೆಗಳಿಗೂ ಗೊತ್ತು.

ನಾಣ್ಯ ಎಣಿಸುವಾಗಲೂ ಬುಟ್ಟಿ ನಿಲ್ಲುವುದಿಲ್ಲ.
ಹುಲ್ಲಿನ ಎಳೆ ಹಲ್ಲಲ್ಲಿ ಸೀಳಿ, ತೊಡೆಯ ಮೇಲೆ ಹೊಸೆದು,
ಮೂವತ್ತು ಹೆಂಗಸರು; ಸಾಲ ತೀರಿದವರ ಬುಟ್ಟಿಗೂ
ತೀರದವರ ಬುಟ್ಟಿಗೂ ಒಂದೇ ಹೆಣಿಗೆ.

ಲಮಿಸಿ ಈ ವಾರವೂ ಕಟ್ಟಲಿಲ್ಲ.
ಮೈದುನ ಸತ್ತ; ಬಣ್ಣಕ್ಕೆಂದು ಪಡೆದ ದುಡ್ಡು
ಬಂದವರ ಊಟಕ್ಕೆ ಹೋಯಿತು.
ನನ್ನ ಫಾರಮಿನಲ್ಲಿ ‘ಕಾರಣ’ಕ್ಕೆ ನಾಲ್ಕು ಚೌಕ:
ಕಾಯಿಲೆ, ಕಳವು, ಬೆಳೆ, ಇತರೆ.
‘ಇತರೆ’ಯಲ್ಲಿ ಒಬ್ಬ ಮನುಷ್ಯನನ್ನು ಹೂಳಿದೆ.

ಆಗ ಲಮಿಸಿಯೇ ಕೇಳಿದಳು:
ಈ ಹೆಂಗಸಿಗೆ ಸಾಲ ಇದೆಯಾ?

ಇದೆ. ಫ್ಲ್ಯಾಟಿನದು.
ಎಷ್ಟು ತಿಂಗಳಿನದು?
ಇನ್ನೂರ ನಲವತ್ತು.
ಅಝೂರೆ ನನ್ನ ಕಡೆ ತಿರುಗಿ, ಸರಿಯಾಗಿ ಕೇಳಿಸಿತೇ ಅಂತ
ಇನ್ನೊಮ್ಮೆ ಕೇಳಿಕೊಂಡು, ಆಮೇಲೆ ಹೇಳಿದ.
ಬುಟ್ಟಿಗಳು ನಿಂತವು.

ಬಡ್ಡಿಗೆ ಅವನು ‘ದುಡ್ಡಿನ ಮರಿ’ ಅಂತ ಹೇಳಿಕೊಟ್ಟಿದ್ದ.
ಎಷ್ಟು ಮರಿ ಹಾಕಿತು?
ತಾಯಿಗಿಂತ ದಪ್ಪ, ಅಂದೆ.
ನಿನ್ನ ಗುಂಪಿನವರು ಸುಮ್ಮನಿದ್ದರಾ?
ಗುಂಪಿಲ್ಲ.
ಮತ್ತೆ ಯಾವ ಮರದ ಕೆಳಗೆ ಕೊಟ್ಟರು?
ಎಸಿ ಇತ್ತು.
ಕೀಲಿ ಯಾರ ಹತ್ತಿರ?

ಇಪ್ಪತ್ತನಾಲ್ಕು ವರ್ಷ ಅದೇ ಕಟ್ಟಡದಲ್ಲಿದ್ದೆ.
ಗೊತ್ತಿಲ್ಲ, ಅಂದೆ.

ಅತಿಪೋಕಾ ಲೊಚಗುಟ್ಟಿದಳು.
ಅದಕ್ಕೆ ಅನುವಾದ ಬೇಕಾಗಲಿಲ್ಲ.
ನಮ್ಮಜ್ಜಿಯೂ ಹಾಗೇ ಲೊಚಗುಟ್ಟುತ್ತಿದ್ದಳು,
ಮಳೆಯಲ್ಲಿ ನೆನೆದ ಪರರ ಮಗುವನ್ನು ಕಂಡರೆ.
ಯಾರೋ ಎಲೆಯಲ್ಲಿ ಸುತ್ತಿದ ಅಲಸಂದೆ ವಡೆ ಮುಂದಿಟ್ಟರು.
ಲಮಿಸಿಗೆ ಮೂರು ವಾರ ಗಡುವು ಕೊಟ್ಟರು;
ಅವಳ ಪಾಲಿಗೆ ತಲಾ ಒಂದು ಸಂಜೆ ಹೆಣೆಯುವುದೆಂದು
ಕೈಯೆತ್ತಿ, ಒಬ್ಬಿಬ್ಬರು ಗೊಣಗುತ್ತ, ಒಪ್ಪಿದರು.
ನನ್ನ ಐವತ್ತು ಪೆಸೆವಾ ಮಾತ್ರ ಯಾರೂ ವಾಪಸು ಕೊಡಲಿಲ್ಲ.

ಮುಂದಿನ ವಾರ ಆರೂ ನಲವತ್ತಕ್ಕೇ ಹೋಗಿ ನಿಂತೆ.
ಮರದಡಿ ಮುದುಕಿ ಒಬ್ಬಳೇ, ಬೋರಲು ಹಾಕಿದ ಒರಳಿನ ಮೇಲೆ.
ಬೇಗ ಬಂದವರಿಗೆ ದಂಡ ಇಲ್ಲವಲ್ಲ, ಎಂದು ಸನ್ನೆಯಲ್ಲಿ ಕೇಳಿದೆ.
ಇಲ್ಲ, ಎಂದು ತಲೆಯಾಡಿಸಿ
ಪೊರಕೆ ಕೈಗಿತ್ತಳು.

ಬಗ್ಗಿದೆ.
ಧೂಳು ಎದ್ದು, ಸುತ್ತ ಒಮ್ಮೆ ನೋಡಿ,
ಮತ್ತೆ ಅಲ್ಲೇ ಕೂತಿತು.