ಮೂರೇ ಅಕ್ಷರ

ಅಜ್ಮಾನಿನ ಮೀನು ಮಾರುಕಟ್ಟೆ ಹಿಂದೆ, ಮಸೀದಿ ಪಕ್ಕದ ಶೆಡ್ಡು.
ಇಶಾ ಮುಗಿದ ಮೇಲೆ ಅಲ್ಲಿ ನಾವು ಹನ್ನೊಂದು ಮಕ್ಕಳು,
ಎಲ್ಲರಿಗೂ ಗಡ್ಡ ನೆರೆತಿದೆ.

ನಾನು ಭಟ್ಕಳದವನು. ಏಳನೇ ವಯಸ್ಸಿಗೇ ಓದಿ ಮುಗಿಸಿದ್ದೆ ಕುರ್‌ಆನ್,
ಒಂದು ಪದದ ಅರ್ಥವೂ ತಿಳಿಯದೆ.
ಮುಕ್ಬಿಲನದು ತಿರುವುಮುರುವು:
ಅರಬ್ಬಿ ಅವನ ತಾಯಿನುಡಿ, ಅಕ್ಷರ ಮಾತ್ರ ಕಂಡವನಲ್ಲ.
ತಾಯಿಜ್‌ನಲ್ಲಿ, 'ನೆಲಬಾಂಬಿದೆ, ಒಳಗೆ ಬರಬೇಡಿ'
ಎಂದು ಬರೆದಿದ್ದ ಮನೆಯೊಳಗೇ
ಎರಡು ರಾತ್ರಿ ಮಲಗಿದ್ದನಂತೆ.

ಇವತ್ತು ಉಕ್ತಲೇಖನ.
ಉಸ್ತಾದ್ ಬುಶಾರಾ 'ಹಿಬ್ರ್' ಅಂದರು. ಶಾಯಿ.
ಮುಕ್ಬಿಲ್ ನಾಲಿಗೆ ಕಚ್ಚಿಕೊಂಡು ಬರೆದ.
ನೋಡಿದರೆ 'ಹರ್ಬ್'. ಯುದ್ಧ.
'ರಾ' ಒಂದು ಮನೆ ಮುಂದೆ ನುಗ್ಗಿ ಕೂತಿತ್ತು.

ನಗಲಿಲ್ಲ ಯಾರೂ.
ಉಸ್ತಾದರ ಊರು ಫಾಶಿರ್; ಆ ಪದ ಅವರಿಗೂ ಬರೀ ಕಾಗುಣಿತವಲ್ಲ.
"ಅವೇ ಮೂರು ಅಕ್ಷರ, ಕೂರುವ ಸಾಲು ಬೇರೆ.
'ಬಹ್ರ್' ಅಂತ ಕೂರಿಸಿದರೆ ಕಡಲು" ಎಂದು ಕಿಟಕಿಯತ್ತ ಕೈ ತೋರಿದರು.
ಹೊರಗೆ ಐಸಿನ ಲಾರಿ, ಮೀನಿನ ವಾಸನೆ.

ಮುಕ್ಬಿಲನ ಎಡಕ್ಕೆ ಸಅದಾ ಕಡೆಯ ಹಿಜಾಮ್.
ಊರಲ್ಲಿ ಇವನ ಕಡೆಯವರು ಅವನ ಕಡೆಯವರಿಗೆ ಗುಂಡು.
ಇಲ್ಲಿ ಒಂದೇ ಬೆಂಚು, ಮಾತಿಲ್ಲ.
ನಮಾಜಿನ ಕೊನೆಗೆ ಬಲಕ್ಕೊಂದು, ಎಡಕ್ಕೊಂದು ಸಲಾಂ ಹೇಳುತ್ತೀರಲ್ಲ,
ಆ ಎಡದ್ದು ಯಾರಿಗೆ, ಎಂದು ಉಸ್ತಾದರು ಒಮ್ಮೆ ಕೇಳಿದ್ದರು.
ಮುಕ್ಬಿಲ್ ಸುಮ್ಮನಿದ್ದ.

ಈಗ ಹಿಜಾಮ್, ಮುಖ ಆಚೆ ತಿರುಗಿಸಿಕೊಂಡೇ,
ತನ್ನ ಸವೆದ ರಬ್ಬರನ್ನು ಈಚೆ ಸರಿಸಿದ.
ಮುಕ್ಬಿಲ್ ಉಜ್ಜಿದ. ಹಾಳೆ ತುಸು ಹರಿಯಿತು.
ಹರಿದದ್ದರ ಪಕ್ಕದಲ್ಲೇ ಮತ್ತೆ ಬರೆದ.

ಬಗ್ಗಿ ಓದಿದೆ ನಾನು.
ಈ ಸಲ ಅರ್ಥವೂ ಆಯಿತು.