ಪ್ರಯೋಗ ನಾಲ್ಕು: ಅರ್ಥವಿಲ್ಲದ ಪದಗಳು

ಮೆಮೊರಿ ಡ್ರಮ್ ಕೆಟ್ಟು ಮೂರು ವರ್ಷ.
ಸಾಲಗಾಮೆ ರಸ್ತೆಯ ರಿಪೇರಿ ಅಂಗಡಿಯವನು
ಬಿಚ್ಚಿ ನೋಡಿ, ಇದರಲ್ಲಿ ಯಾವ ಹಾಡು ಬರುತ್ತೆ ಮೇಡಂ, ಅಂದ.
ಹಾಗಾಗಿ ಸೀರೆ ಡಬ್ಬದ ರಟ್ಟನ್ನು ಹನ್ನೆರಡು ತುಂಡು ಮಾಡಿ
ಕಪ್ಪು ಮಾರ್ಕರಿನಲ್ಲಿ ನಾನೇ ಬರೆದುಕೊಂಡೆ
ಪ್ರಯೋಗ ನಾಲ್ಕಕ್ಕೆ ಬೇಕಾದ ಅರ್ಥವಿಲ್ಲದ ಪದ.

ಅದೂ ಸುಲಭವಲ್ಲ.
ಕನ್ನಡದಲ್ಲಿ ಯಾವೆರಡಕ್ಷರ ಕೂಡಿಸಿದರೂ
ಎಲ್ಲೋ ಯಾರದೋ ಅಡುಗೆಮನೆಯಲ್ಲಿ ಅದೊಂದು ಪಾತ್ರೆ,
ಒಂದು ಸೊಪ್ಪು, ಒಂದು ಬೈಗುಳ.
ಹೋದ ವರ್ಷ ‘ದೂಕ’ ಬರೆದಿದ್ದೆ.
ದೂಕು ಅಂದ್ರ ತಳ್ಳೂದ್ರೀ, ಅಂದಿದ್ದ ಬಿಜಾಪುರದ ಹುಡುಗ.
ಈ ಸಲ ರಾತ್ರಿ ಹನ್ನೊಂದರ ತನಕ ಕೂತು ಕೊನೆಗೆ ಸಿಕ್ಕವು:
ಝೀಪು, ನೆಖ, ಟೋವಿ, ಫಮೆ...

ಮೊದಲ ಸೆಮಿಸ್ಟರ್, ಸಾಮಾನ್ಯ ಮನೋವಿಜ್ಞಾನ.
ಸೇರಿದ ಐವತ್ತೆರಡರಲ್ಲಿ ನಲವತ್ತು ಮಂದಿ
ಮುಖ ನೋಡಿ ಮನಸ್ಸು ಓದುವುದು ಕಲಿಸುತ್ತಾರೆ ಅಂತ ಬಂದವರು.
ಮೊದಲ ವಾರವೇ ಹೇಳಿದ್ದೆ, ನನಗೂ ಬರುವುದಿಲ್ಲ;
ಬಂದಿದ್ದರೆ, ಅತಿಥಿ ಉಪನ್ಯಾಸಕರ ಬಿಲ್ಲು ಇಟ್ಟುಕೊಂಡು ಕೂತ
ಗುಮಾಸ್ತರ ಮುಖವನ್ನೇ ಮೊದಲು ಓದುತ್ತಿದ್ದೆ.

ಒಂದು ರಟ್ಟಿಗೆ ಎರಡು ಸೆಕೆಂಡು.
ಆಮೇಲೆ ನೂರರಿಂದ ಹಿಂದಕ್ಕೆ ಮೂರು ಮೂರು ಕಳೆಯುತ್ತಾ ಬನ್ನಿ.
ಆಮೇಲೆ ಬರೆಯಿರಿ.
ನಾಲ್ಕು ಬರೆದರು, ಐದು ಬರೆದರು.
ಝೀಪು ಹತ್ತು ಹಾಳೆಗಳಲ್ಲಿ ಜೀಪಾಗಿತ್ತು.
ಶಶಿರೇಖಾ ಜವರಪ್ಪ, ರೋಲ್ ನಂಬರ್ ಮೂವತ್ತೊಂದು,
ಹನ್ನೆರಡೂ ಬರೆದಿದ್ದಳು. ಅದೇ ಸರದಿಯಲ್ಲಿ.

ರಟ್ಟು ಮೊದಲೇ ನೋಡಿದ್ದೆಯಾ, ಅಂದೆ.
ಕೇಳಬಾರದಿತ್ತು.

ಅವಳು ಬ್ಯಾಗಿನಿಂದ ತೆಗೆದದ್ದು
ಆಲೂಗಡ್ಡೆ ಮಂಡಿಯ ಹಳೇ ಲೆಕ್ಕದ ಪುಸ್ತಕ.
ಹೋದ ಮೇ ತಿಂಗಳು, ಜಲಂಧರದ ಲಾರಿ ಇಳಿಸುವಾಗ
ಬಿತ್ತನೆ ಗಡ್ಡೆಯ ಮೂಟೆ ಬೆನ್ನ ಮೇಲಿರುವಾಗಲೇ
ಅವಳಪ್ಪನ ಬಲಗೈ ಬಿದ್ದುಹೋಯಿತು, ಮಾತು ಚೆದುರಿತು.
ಹಿಮ್ಸ್ ಆಸ್ಪತ್ರೆಯಿಂದ ಮನೆಗೆ ಬಂದದ್ದು ಬರೀ ಸದ್ದು.
ಎಡಗಡೆ ಕಾಲಮ್ಮು ಅಪ್ಪನದು, ಬಲಗಡೆ ನಮ್ಮದು:
ತೊಪೆ — ಮಗ್ಗುಲು ಬದಲಿಸು.
ರೂಮೊ — ಟೀ. ಅಮ್ಮ ಹತ್ತಿರ ಇದ್ದರೆ, ಅಮ್ಮ.
ಇಖ್ಖಿ — ಫ್ಯಾನು ಸಾಕು.
ಬೇಲುಬೇಲು — ಗಡ್ಡ ಮಾಡಬೇಡ, ಇವತ್ತು ಮಂಗಳವಾರ.

‘ಅರ್ಥ ಆಮೇಲೆ ಬರುತ್ತೆ ಮೇಡಂ.
ಒಂದೊಂದ್ಸಲ ತಿಂಗಳಾಗುತ್ತೆ.
ಅಲ್ಲೀತಂಕ ಸದ್ದನ್ನ ಕಳಕೋಬಾರದು, ಅಷ್ಟೆ.’

ಒಂದು ಸಾಲಿನ ಬಲಗಡೆ ಮಾತ್ರ ಖಾಲಿ.
ನೆಬೋಳ.
ದಿನಾ ಸಂಜೆ ಆರಕ್ಕೆ, ಬಾಗಿಲ ಕಡೆ ನೋಡಿಕೊಂಡು.
ನೀರಲ್ಲ, ಚಪ್ಪಲಿಯಲ್ಲ, ದೀಪವಲ್ಲ,
ಮಂಡಿಯ ಗೆಣೆಕಾರರ ಹೆಸರೂ ಒಂದೊಂದೇ ಕೂಗಿ ನೋಡಿದ್ದಾಳೆ.
ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಬರೆದು
ಕಾಗದ ಅಲ್ಲಿ ತೆಳ್ಳಗಾಗಿ ಆಚೆ ಪುಟದ ಲೆಕ್ಕ ಕಾಣುತ್ತಿತ್ತು.

ಪೂರ್ವಾನುಭವ ಇರುವವರ ಫಲಿತಾಂಶ ಕೈಬಿಡಬೇಕು,
ಇಲ್ಲದಿದ್ದರೆ ಸರಾಸರಿ ಕೆಡುತ್ತದೆ. ನಿಯಮ.
ಬಿಟ್ಟೆ. ಕೂಡಿ ಭಾಗಿಸಿದೆ. ನಾಲ್ಕು ಪಾಯಿಂಟ್ ಆರು.
ಪುಸ್ತಕ ಹೇಳಿದ ಹಾಗೇ ಬಂತು ಅಂತ
ಕೆಂಪು ಶಾಯಿಯಲ್ಲಿ ಸಹಿ ಹಾಕಿದೆ.

ಗೊರೂರು ಬಸ್ಸಿನಲ್ಲಿ ಸೀಟಿರಲಿಲ್ಲ.
ನಿಂತಿದ್ದೆ, ಹಲ್ಲುಸಂದಿಯ ಕೊಬ್ಬರಿ ನಾರಿನಂತೆ
ಆ ಮೂರಕ್ಷರವನ್ನು ನಾಲಿಗೆಯಲ್ಲಿ ತಡವುತ್ತಾ.
ಆತ ಒತ್ತಿ ಹೇಳುವುದು ‘ಬೋ’ವನ್ನೋ, ‘ಳ’ವನ್ನೋ?
ಅದನ್ನು ಕೇಳಲೇ ಇಲ್ಲವಲ್ಲ ನಾನು.

ಎಲ್ಲಿಗೆ ಮೇಡಂ, ಅಂದ ಕಂಡಕ್ಟರ್,
ಹೆಂಗಸರ ಫ್ರೀ ಟಿಕೆಟ್ಟಿಗೆ ಮಷೀನಿನ ಮೇಲೆ ಬೆರಳಿಟ್ಟು.
ಬಾಯಿ ತಪ್ಪಿತು: ನೆಬೋಳ.
ಆತ ನಗಲಿಲ್ಲ.
ಕಿಟಕಿಯಾಚೆ ಕತ್ತಲಾಗುತ್ತಿದ್ದ ರಸ್ತೆಯನ್ನೊಮ್ಮೆ ನೋಡಿ
‘ಅದು ಈ ರೂಟಲ್ಲಿ ಬರಲ್ಲ’ ಅಂದ.